ಬಿಸಿಲಿಗೆ ಮಜ್ಜಿಗೆ, ಚಳಿಗೆ ಬೆಂಕಿ

ಬೆಂಗಳೂರಿನಲ್ಲಿ ಕ್ರೈಸ್ತರ ಎರಡು ದೊಡ್ಡ ಹಬ್ಬಗಳು ಎರಡು ಬೇರೆ ಹವೆಯಲ್ಲಿ ಬರುತ್ತವೆ. ಕ್ರಿಸ್‌ಮಸ್ ಬರುವುದು ಸ್ವೆಟರು, ಮಫ್ಲರುಗಳ ಕಾಲದಲ್ಲಿ. ಶುಭ ಶುಕ್ರವಾರ, ಈಸ್ಟರ್ ಬರುವುದು ರಸ್ತೆಯ ಟಾರು ಕಾದು ಮೆತ್ತಗಾಗುವ ಹೊತ್ತಿಗೆ. ಮಹಾಲಕ್ಷ್ಮಿ ಲೇಔಟಿನಲ್ಲಿ ಕೂತು ಬೈಬಲ್ ಓದುವ ನನಗೆ ಚಳಿ, ಬಿಸಿಲು ಎರಡೂ ಆ ಗ್ರಂಥದ ಒಳಗಿನ ಸಂಗತಿಗಳೇ.

ಪ್ರಳಯದ ನೀರು ಇಳಿದ ಮೇಲೆ ದೇವರು ಕೊಟ್ಟ ಮಾತು ಆದಿಕಾಂಡದ 8ನೇ ಅಧ್ಯಾಯದಲ್ಲಿದೆ. ಭೂಮಿ ಇರುವ ತನಕ ಬಿತ್ತನೆಯೂ ಕೊಯ್ಲೂ ನಿಲ್ಲವು. ಅದೇ ಉಸಿರಿನಲ್ಲಿ, ಚಳಿಯೂ ಸೆಕೆಯೂ ನಿಲ್ಲವು. ಹಾಗಾಗಿ ಚಳಿಯನ್ನಾಗಲಿ ಬಿಸಿಲನ್ನಾಗಲಿ ಶಾಪವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಕಥೋಲಿಕರ ಬೈಬಲಿನ ದಾನಿಯೇಲನ ಗ್ರಂಥದಲ್ಲಂತೂ ಮೂವರು ಯುವಕರು ಉರಿಯುವ ಕುಲುಮೆಯೊಳಗೆ ನಿಂತು ಬೆಂಕಿ, ಬಿಸಿ, ಹಿಮ, ಚಳಿ ಎಲ್ಲವನ್ನೂ ದೇವರ ಸ್ತುತಿಗೆ ಕರೆಯುತ್ತಾರೆ. ಸುಡುವುದನ್ನೂ ಕೊರೆಯುವುದನ್ನೂ ಒಂದೇ ಹಾಡಿಗೆ ಸೇರಿಸುವ ಆ ಧೈರ್ಯ ನನಗೆ ತುಂಬ ಇಷ್ಟ.

ನಮ್ಮ ಊರಿಗೆ ದೇವರು ಹವೆಯ ವಿಷಯದಲ್ಲಿ ಕೃಪೆ ತೋರಿದ್ದಾನೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಬಿಸಿಲು ಎಷ್ಟೇ ಇದ್ದರೂ ಸಂಜೆಗೆ ಗಾಳಿ ಬೀಸುತ್ತದೆ. ಆದರೂ 1884ರ ಜನವರಿ 13ರಂದು ಇಲ್ಲಿ ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು. 2016ರ ಏಪ್ರಿಲ್ 24ರಂದು 39.2 ಡಿಗ್ರಿಗೆ ಏರಿತ್ತು. ಮೋಲ್ಡ್ ಹಾಕಿದ ಮನೆಯವರಿಗೆ ಈ ಅಂಕಿಗಳು ಮರುದಿನದ ಪೇಪರಿನ ಸುದ್ದಿ. ಶೀಟಿನ ಮನೆಯವರಿಗೆ ಹಾಗಲ್ಲ. ಕುರುಬರಹಳ್ಳಿ, ಲಗ್ಗೆರೆ ಕಡೆಯ ವಠಾರಗಳಲ್ಲಿ, ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು ಸೈಟಿನಲ್ಲೇ ಹಾಕಿಕೊಳ್ಳುವ ಶೆಡ್ಡುಗಳಲ್ಲಿ ಒಂದು ಸಲ ಕಾಲಿಟ್ಟು ನೋಡಬೇಕು. ಏಪ್ರಿಲಿನ ಮಧ್ಯಾಹ್ನ ತಗಡು ಕಾದು ಮೇಲಿನಿಂದ ಝಳ ಸುರಿಯುತ್ತದೆ; ಕೂಸಿಗೆ ಒದ್ದೆ ಬಟ್ಟೆ ಹೊದಿಸಿ ಬಾಗಿಲ ಬಳಿ ಮಲಗಿಸಿರುತ್ತಾರೆ. ಡಿಸೆಂಬರಿನಲ್ಲಿ ಆಕಾಶ ನಿಚ್ಚಳವಾಗಿದ್ದರೆ ಹಗಲಿನ ಬಿಸಿಯೆಲ್ಲ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಅದೇ ತಗಡು ನೆಲಕ್ಕಿಂತ ಮೊದಲು ತಣ್ಣಗಾಗಿ, ಒಳಗೆ ಮಲಗಿದವರ ಉಸಿರೇ ಅದರ ಅಡಿಗೆ ಹನಿಗಟ್ಟಿ, ಬೆಳಗಿನ ಜಾವ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಹವೆಯನ್ನು ದೇವರು ಎಲ್ಲರಿಗೂ ಒಂದೇ ಸಮ ಕೊಟ್ಟ. ಸೂರನ್ನು ಹಂಚಿದವರು ನಾವು.

ಮೋಶೆಯ ಧರ್ಮಶಾಸ್ತ್ರಕ್ಕೆ ಇದು ಗೊತ್ತಿತ್ತು. ಬಡವನೊಬ್ಬನ ಹೊದಿಕೆಯನ್ನು ಸಾಲಕ್ಕೆ ಅಡವಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕು, ಅವನಿಗೆ ಇರುವುದು ಅದೊಂದೇ, ಇನ್ನೇನು ಹೊದ್ದು ಮಲಗಿಯಾನು ಎಂದು ವಿಮೋಚನಕಾಂಡದ 22ನೇ ಅಧ್ಯಾಯ ಕೇಳುತ್ತದೆ. ಸಾಲದ ಲೆಕ್ಕದ ನಡುವೆ ರಾತ್ರಿಯ ಚಳಿಯನ್ನು ನೆನೆದ ಕಾನೂನು ಅದು.

ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿಯೂ ಚಳಿಯಿತ್ತು. ಯೆರೂಸಲೇಮೂ ನಮ್ಮಂತೆಯೇ ಎತ್ತರದ ಊರು, ಸುಮಾರು 750 ಮೀಟರ್. ಪಸ್ಕಹಬ್ಬ ಹುಣ್ಣಿಮೆಗೆ ಬರುತ್ತದೆ; ವಸಂತದ ರಾತ್ರಿಯಲ್ಲೂ ಅಲ್ಲಿ ಮೈ ನಡುಗುತ್ತದೆ. ಮಹಾಯಾಜಕನ ಅಂಗಳದಲ್ಲಿ ಆಳುಗಳು ಇದ್ದಲು ಬೆಂಕಿ ಹಾಕಿ ಕಾಯಿಸಿಕೊಳ್ಳುತ್ತಿದ್ದರು. ಪೇತ್ರನೂ ಅವರ ಜತೆ ನಿಂತು ಮೈ ಕಾಯಿಸಿಕೊಂಡ ಎಂದು ಯೋಹಾನನು ಒಂದಲ್ಲ, ಎರಡು ಸಲ ಬರೆಯುತ್ತಾನೆ. ಒಳಗೆ ಗುರುವಿನ ವಿಚಾರಣೆ ನಡೆಯುತ್ತಿದೆ, ಹೊರಗೆ ಶಿಷ್ಯನ ಕೈಗಳು ಬೆಂಕಿಯ ಮೇಲಿವೆ, ಬಾಯಿ ‘ನಾನು ಅವನವನಲ್ಲ’ ಎನ್ನುತ್ತಿದೆ. ಆ ಬೆಂಕಿ ಮೈಯನ್ನಷ್ಟೇ ಬೆಚ್ಚಗೆ ಮಾಡಿತು. ಪುನರುತ್ಥಾನದ ನಂತರ ಗಲಿಲಾಯ ಕೆರೆಯ ದಡದಲ್ಲಿ ಇನ್ನೊಂದು ಇದ್ದಲು ಬೆಂಕಿ ಉರಿಯುತ್ತದೆ. ಅದನ್ನು ಹಾಕಿದವನು ಯೇಸುವೇ. ರಾತ್ರಿಯಿಡೀ ನೀರಿನಲ್ಲಿ ಬಲೆ ಬೀಸಿ ದಣಿದ ಪೇತ್ರನಿಗೆ ಅದರ ಮೇಲೆ ಮೀನು ಬೇಯುತ್ತಿದೆ, ಪಕ್ಕದಲ್ಲಿ ರೊಟ್ಟಿ ಇದೆ. ಊಟ ಮಾಡು ಅಂದ ಮೇಲೆಯೇ ‘ನನ್ನನ್ನು ಪ್ರೀತಿಸುತ್ತೀಯಾ’ ಎಂಬ ಪ್ರಶ್ನೆ. ನಮ್ಮ ಪ್ರಸಂಗಗಳಲ್ಲಿ ಪ್ರಶ್ನೆಯ ಬಗ್ಗೆ ಬಹಳ ಕೇಳಿದ್ದೇವೆ. ಅದಕ್ಕೆ ಮುಂಚೆ ಹಚ್ಚಿದ್ದ ಬೆಂಕಿಯ ಬಗ್ಗೆ ಇನ್ನಷ್ಟು ಕೇಳಬೇಕು.

ಬೈಬಲಿನಲ್ಲಿ ಲವೊದಿಕೀಯ ಎಂಬ ಊರಿನ ಸಭೆಗೆ ಬಂದ ಗದರಿಕೆ ಎಲ್ಲ ಕ್ರೈಸ್ತರಿಗೂ ಗೊತ್ತು: ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀ, ಅದಕ್ಕೇ ನಿನ್ನನ್ನು ಉಗುಳಿಬಿಡುತ್ತೇನೆ. ಬಿಸಿ ಅಂದರೆ ಭಕ್ತಿ, ತಣ್ಣಗೆ ಅಂದರೆ ಅವಿಶ್ವಾಸ ಎಂದೇ ನಮಗೆ ಕಲಿಸುತ್ತಾರೆ. ಆದರೆ ಆ ಊರಿನ ಆಜುಬಾಜು ನೋಡಿ. ಹತ್ತಿರದ ಹಿಯರಾಪೊಲಿ, ಅಂದರೆ ಇಂದಿನ ಟರ್ಕಿಯ ಪಾಮುಕ್ಕಲೆ, ಬಿಸಿನೀರಿನ ಬುಗ್ಗೆಗಳಿಗೆ ಹೆಸರುವಾಸಿ. ಮೈನೋವು ಕಳೆಯಲು ಜನ ಅಲ್ಲಿಗೆ ಹೋಗುತ್ತಿದ್ದರು. ಇನ್ನೊಂದು ಕಡೆಯ ಕೊಲೊಸ್ಸೆಗೆ ಬೆಟ್ಟದಿಂದ ಇಳಿದ ತಣ್ಣೀರು. ಲವೊದಿಕೀಯಕ್ಕೆ ಮಾತ್ರ ದೂರದಿಂದ ಕಲ್ಲಿನ ಕೊಳವೆಗಳಲ್ಲಿ ಹರಿದು ಬಂದ ನೀರು. ಆ ಕೊಳವೆಗಳೊಳಗೆ ಕಟ್ಟಿದ ಸುಣ್ಣದ ಪದರ ಇಂದಿಗೂ ಕಾಣುತ್ತದೆ. ಹೀಗೆ ಓದುವ ಪಂಡಿತರಿದ್ದಾರೆ, ನನಗೂ ಅದೇ ಸರಿ ಅನ್ನಿಸುತ್ತದೆ: ಬಿಸಿನೀರೂ ಬೇಕು, ತಣ್ಣೀರೂ ಬೇಕು, ನೋವಿಗೂ ಆಗದ, ದಾಹಕ್ಕೂ ಆಗದ ನೀರನ್ನೇ ಉಗುಳುವುದು. ಪ್ರೀತಿಯನ್ನು ಬರೀ ಬೆಚ್ಚಗಿನದೆಂದು ತಿಳಿಯುವುದು ಚಳಿದೇಶದವರ ಅಭ್ಯಾಸ. ಯೇಸು ಪಾಲೆಸ್ತೀನದ ಬಿಸಿಲಿನಲ್ಲಿ ನಡೆದವನು. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದು ಎಂದು ಅವನು ಹೇಳಿದ್ದು ಮತ್ತಾಯನ 10ನೇ ಅಧ್ಯಾಯದಲ್ಲಿದೆ.

ಆ ಲೋಟವನ್ನು ನಾನು ನೋಡಿದ್ದು ರಾಮನವಮಿಯ ದಿನ. 2025ರಲ್ಲಿ ಅದು ಏಪ್ರಿಲ್ 6ರ ಭಾನುವಾರ ಬಂತು. ನಮಗೆ ಲೆಂಟ್ ಎಂಬ ಉಪವಾಸದ ಕಾಲ, ಶುಭ ಶುಕ್ರವಾರಕ್ಕೆ ಇನ್ನೂ ಹನ್ನೆರಡು ದಿನ. ಆರಾಧನೆ ಮುಗಿಸಿ ಬರುವಾಗ ನಮ್ಮ ರಸ್ತೆಯ ತಿರುವಿನಲ್ಲಿ ಹುಡುಗರು ಶಾಮಿಯಾನದ ಕೆಳಗೆ ಎರಡು ಸ್ಟೀಲ್ ಡ್ರಮ್ ಇಟ್ಟಿದ್ದರು. ಒಂದರಲ್ಲಿ ಬೆಲ್ಲ, ಶುಂಠಿ, ಮೆಣಸು, ಏಲಕ್ಕಿಯ ಪಾನಕ. ಇನ್ನೊಂದರಲ್ಲಿ ಹಸಿಮೆಣಸಿನಕಾಯಿ, ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆ. ಆಟೋದವರು, ಡೆಲಿವರಿ ಹುಡುಗರು, ಯಾರನ್ನೂ ಯಾರೆಂದು ಕೇಳಲಿಲ್ಲ. ವಯಸ್ಸಾದ ಪೌರಕಾರ್ಮಿಕ ಹೆಂಗಸೊಬ್ಬರು ನಿಂತಲ್ಲೇ ಎರಡು ಲೋಟ ಮಜ್ಜಿಗೆ ಕುಡಿದು, ಖಾಲಿ ಬಾಟಲಿ ಮುಂದಕ್ಕೆ ಚಾಚಿದರು. ಸೌಟು ಹಿಡಿದ ಹುಡುಗ ‘ಕೊಡಿ ಅಜ್ಜಿ’ ಎಂದು ಕಂಠದ ತನಕ ತುಂಬಿಸಿಕೊಟ್ಟ. ‘ಹೊಟ್ಟೆ ತಣ್ಣಗಿರಲಪ್ಪಾ’ ಅಂದು ಅವರು ಪೊರಕೆ ಎತ್ತಿಕೊಂಡರು.

ನನಗೆ ಅಪೊಸ್ತಲರ ಕೃತ್ಯಗಳ ಕೊನೆಯ ಅಧ್ಯಾಯ ನೆನಪಾಯಿತು. ಪೌಲನಿದ್ದ ಹಡಗು ಒಡೆದು 276 ಜನ ಮಾಲ್ಟಾ ದ್ವೀಪದ ದಡ ಸೇರುತ್ತಾರೆ. ಮಳೆ, ಚಳಿ. ಯೇಸುವಿನ ಹೆಸರನ್ನೇ ಕೇಳಿರದ ದ್ವೀಪದವರು ಬೆಂಕಿ ಹಚ್ಚಿ ಎಲ್ಲರನ್ನೂ ಹತ್ತಿರ ಕರೆಯುತ್ತಾರೆ. ಲೂಕನು ಆ ಉಪಕಾರವನ್ನು ಮರೆಯದೆ ಬರೆದಿಟ್ಟ. ನಾನು ಈ ಮಜ್ಜಿಗೆಯನ್ನು ಬರೆದಿಡುತ್ತಿದ್ದೇನೆ, ಋಣ ಇರುವುದರಿಂದ.

ಸಭೆಯವರಲ್ಲಿ ನನ್ನದೊಂದು ಕೇಳಿಕೆ. ಕ್ರಿಸ್‌ಮಸ್ಸಿಗೆ ಕಂಬಳಿ ಹಂಚುವವರು ಡಿಸೆಂಬರ್ 25ರ ತನಕ ಕಾಯಬೇಡಿ. ಚಳಿ ನವೆಂಬರಿನಲ್ಲೇ ಶುರುವಾಗಿರುತ್ತದೆ. ಲೆಂಟಿನಲ್ಲಿ ಒಂದು ಹೊತ್ತು ಉಪವಾಸ ಮಾಡುವವರು ಆ ಊಟದ ದುಡ್ಡಿನಲ್ಲಿ ಒಂದು ಮಡಕೆ ತಂದು, ದಿನಾ ತೊಳೆದು ನೀರು ತುಂಬಿ, ಲೋಟದ ಸಮೇತ ಗೇಟಿನ ಹೊರಗೆ, ನೆರಳಿನಲ್ಲಿ ಇಡಿ.