ಮೋಟರ್, ಮುಯ್ಯಿ, ಹಲ್ಲು

ನಮ್ಮ ರೊಪ್ಪದಲ್ಲಿ ಹೆಣ್ಣುಮರಿಗಳಿಗೆ ಹೆಸರುಂಟು: ಕೆಂಚಿ, ಚುಕ್ಕಿ, ಗೌರಿ. ಗಂಡುಮರಿಗಳಿಗೆ ಇಲ್ಲ. ಹೆಸರಿಟ್ಟರೆ ಕರೆಯಬೇಕಾಗುತ್ತದೆ, ಕರೆದರೆ ಓಡಿಬರುತ್ತದೆ, ಹಾಗೆ ಓಡಿಬಂದದ್ದನ್ನು ಅಕ್ಕಿರಾಂಪುರದ ಸಂತೆಗೆ ಹಿಡಿದುಕೊಂಡು ಹೋಗಲು ಕಾಲೇ ಬರುವುದಿಲ್ಲ ಎಂಬುದು ಅವ್ವನ ಶಾಸ್ತ್ರ. ಮೇಕೆ ಗಬ್ಬ ನಿಂತ ಐದು ತಿಂಗಳಿಗೆ ಈಯುತ್ತದೆ. ಅವ್ವ ಮರಿಯ ಮೈ ಒರೆಸುವುದಕ್ಕೂ ಮುಂಚೆ ಬಾಲ ಎತ್ತಿ ನೋಡುತ್ತಾಳೆ. ಹೆಣ್ಣಾದರೆ ‘ನಮ್ಮವ್ವ ಬಂದ್ಲು’ ಎಂಬ ಉದ್ಗಾರ. ಗಂಡಾದರೆ ‘ಹೂಂ, ಹೋತ’. ಮೂರು ಗಂಡು ಹೆತ್ತವಳೆಂದು ಊರಿಂದೆಲ್ಲ ಹೊಗಳಿಸಿಕೊಂಡ ಹೆಂಗಸಿನ ಬಾಯಲ್ಲಿ ಈ ‘ಹೂಂ’ ಕೇಳಿದಾಗಲೆಲ್ಲ ನಾವು ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಳ್ಳುತ್ತೇವೆ.

ಆದರೆ ಹೆಸರಿಲ್ಲದ ಪ್ರಾಣಿಯನ್ನು ಬೈಯುವುದು ಹೇಗೆ? ಹೋತಮರಿಗಳನ್ನಂತೂ ಬೆಳಗಿನಿಂದ ಸಂಜೆವರೆಗೆ ಬೈಯುತ್ತಲೇ ಇರಬೇಕು. ಇದಕ್ಕೆ ಅಪ್ಪನೇ ಒಂದು ದಾರಿ ಹುಡುಕಿದ. ಮರಿ ಮಾರಿ ಯಾವ ಖರ್ಚು ತೀರಿಸಬೇಕೋ ಅದೇ ಅದರ ಗುರುತು. ಅದು ಹೆಸರಲ್ಲ, ಲೆಕ್ಕ; ಅವ್ವನ ಶಾಸ್ತ್ರಕ್ಕೂ ಭಂಗವಿಲ್ಲ. ಅತ್ತೆಯ ಮಗಳ ಮದುವೆಗೆಂದು ಬೆಳೆದದ್ದು ‘ಮುಯ್ಯಿ’. ನನ್ನ ಕಾಲೇಜಿನ ದಿನಗಳಲ್ಲಿ ‘ಫೀಜು’ ಎಂಬ ಕರಿಯ ಮರಿ ಇತ್ತು. ‘ಫೀಜು ಅವರೆಗಿಡ ಮೇಯ್ತಾ ಐತೆ, ನೋಡ್ರೋ’ ಎಂದು ಅವ್ವ ಕೂಗಿದರೆ ದಾರಿಹೋಕರು ನಿಂತು ಯೋಚಿಸುತ್ತಿದ್ದರು. ಬೋರಿನ ಮೋಟರ್ ಸುಟ್ಟ ವರ್ಷ ಹುಟ್ಟಿದ್ದು ‘ಮೋಟರ್’. ಒಂದು ಸಂಜೆ ‘ಮೋಟರ್ ಬಾವಿಗೆ ಬಿದ್ದೈತೆ, ಬನ್ರಪ್ಪೋ’ ಎಂದು ಅಪ್ಪ ಬೊಬ್ಬೆ ಹಾಕಿದ್ದಕ್ಕೆ ಅಕ್ಕಪಕ್ಕದ ಹೊಲದವರು ಹಗ್ಗ, ರಾಟೆ, ಸರಪಳಿ ಹೊತ್ತು ಓಡಿಬಂದರು. ನೀರು ಬತ್ತಿದ ಬಾವಿಯ ಮೆಟ್ಟಿಲ ಮೇಲೆ ಮೋಟರ್ ನಿಂತು ಅರಚುತ್ತಿತ್ತು. ಬಂದವರಿಗೆ ಕಾಫಿ ಕಾಸಿದ್ದಾಯಿತು.

ಹಾಲು ಬಿಡಿಸುವ ಕಾಲ ಬಂತೆಂದರೆ ಮನೆಗೆ ನೆಮ್ಮದಿಯಿಲ್ಲ. ಹುಟ್ಟಿದ ತಾಸಿನೊಳಗೆ ಗಿಣ್ಣದ ಹಾಲು ಕುಡಿಸಿದ ಮರಿ ಎರಡು ಮೂರು ವಾರಕ್ಕೆ ಎಲೆ ಕಡಿಯಲು ಕಲಿಯುತ್ತದೆ. ಅಲ್ಲಿಯವರೆಗೆ ಅದರ ದೊಡ್ಡ ಹೊಟ್ಟೆಗೆ ಕೆಲಸವೇ ಇಲ್ಲ. ಕುಡಿದ ಹಾಲು ಅದನ್ನು ತಪ್ಪಿಸಿಕೊಂಡು ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಎಲೆ ತಿಂದಷ್ಟೂ ದೊಡ್ಡ ಹೊಟ್ಟೆ ಬೆಳೆಯುತ್ತದೆ, ಮೆಲುಕು ಶುರುವಾಗುತ್ತದೆ. ಅದಕ್ಕೇ ಅಗಸೆ ಸೊಪ್ಪಿನ ಕಟ್ಟನ್ನು ಮರಿಯ ಎತ್ತರಕ್ಕೆ ತೂಗಿಬಿಡುತ್ತೇವೆ. ಬಾಯಿ ಸೊಪ್ಪಿನ ಮೇಲೆ, ಕಣ್ಣು ಕೆಚ್ಚಲ ಮೇಲೆ. ಮೂರು ತಿಂಗಳಿಗೆ ಬಿಡಿಸಬೇಕು. ಹೆಣ್ಣುಮರಿ ಇನ್ನೊಂದು ವಾರ ಕುಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೋತಮರಿಯ ವಿಷಯ ಹಾಗಲ್ಲ. ನಾಲ್ಕು ತಿಂಗಳಿಗೆಲ್ಲ ಅದಕ್ಕೆ ಅಪ್ಪನಾಗುವ ಯೋಗ್ಯತೆ ಬಂದುಬಿಡುತ್ತದೆ. ನಂಟಸ್ತನದ ಲೆಕ್ಕ ಮಾತ್ರ ಬಂದಿರುವುದಿಲ್ಲ. ತಾಯಿ, ತಂಗಿ, ಚಿಕ್ಕಮ್ಮ ಎಲ್ಲರ ಹಿಂದೆಯೂ ನಾಲಿಗೆ ಚಾಚಿ, ಮೇಲ್ದುಟಿ ಮಡಚಿ, ಗಳಗಳ ಸದ್ದು ಮಾಡುತ್ತಾ ಸುತ್ತುತ್ತದೆ. ಸಗಣಿ ಬಾಚಲು ಬಗ್ಗಿದ ಅಪ್ಪನ ಬೆನ್ನನ್ನೂ ಬಿಡುವುದಿಲ್ಲ.

ಅವ್ವ ಮೊದಲು ಬೇವು ಅರೆದು ಮೊಲೆಗೆ ಹಚ್ಚಿದಳು. ನಮ್ಮ ಮೂವರಿಗೂ ಹಾಲು ಬಿಡಿಸಿದ್ದು ಹಾಗೆಯೇ ಅಂತೆ. ಆದರೆ ಮೇಕೆಗೆ ಬೇವಿನ ಸೊಪ್ಪೆಂದರೆ ಹಬ್ಬದೂಟ. ಮರಿಗಳು ಚಟ್ನಿ ಸಮೇತ ಹಾಲು ಕುಡಿದವು. ಆಮೇಲೆ ಸಗಣಿ ಬಳಿದದ್ದಾಯಿತು. ಅದು ಒಣಗಿ ಉದುರುವ ತನಕ ಕಾದವು. ಕೆಚ್ಚಲಿಗೆ ಬಟ್ಟೆಯ ಚೀಲ ಕಟ್ಟಿದರೆ ದಾರ ಕಡಿದವು. ಕೊನೆಗೆ ಉಳಿದದ್ದು ಒಂದೇ ಉಪಾಯ, ಹೋತಮರಿಗಳನ್ನು ಮನೆಯ ಆಚೆ ಬದಿಯ ಗೂಡಿಗೆ ಹಾಕುವುದು. ಅವ್ವನಿಗೆ ಆ ದಿನ ಎಂದೂ ಕೂಡಿಬರದು. ಇವತ್ತು ಅಮಾವಾಸ್ಯೆ, ನಾಳೆ ಮೋಡ, ನಾಡಿದ್ದು ಮರಿಗೆ ನೆಗಡಿ.

ಗೂಡಿಗೆ ಹಾಕಿದ ಮೊದಲ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಆಚೆಯಿಂದ ಮರಿ ಕೂಗಿದರೆ ಈಚೆಯಿಂದ ತಾಯಿ, ನಡುವೆ ಅಪ್ಪನ ಗೊರಕೆ. ಎರಡನೆಯ ರಾತ್ರಿ ಗಂಟಲು ಕಟ್ಟಿ ಬರೀ ಗಾಳಿ ಹೊರಡುತ್ತದೆ. ಆಮೇಲೆ ತಾಯಿಮೇಕೆ ಹುರುಳಿ ಹೊಟ್ಟಿಗೆ ಬಾಯಿ ಹಾಕಿ, ಮಗನ ಗೂಡಿನ ಮುಂದೆಯೇ ತಲೆಯೆತ್ತದೆ ನಡೆದುಹೋಗುತ್ತದೆ. ಅವ್ವನಿಗೆ ಸಿಟ್ಟು ಬರುವುದು ಆಗಲೇ. ‘ಎಷ್ಟು ಬೇಗ ಮರೆತ್ಲು ನೋಡು, ಮುಂಡೇದು’ ಎನ್ನುತ್ತಾಳೆ. ನನ್ನನ್ನು ಹಾಸ್ಟೆಲಿಗೆ ಬಿಟ್ಟುಬಂದ ವಾರದ ಬಗ್ಗೆ ಅಪ್ಪ ಒಮ್ಮೆ ಏನೋ ಹೇಳಹೊರಟಿದ್ದ. ‘ಸುಮ್ಕೆ ಉಣ್ಣು’ ಎಂದು ಅವ್ವ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ಹೋತಗಳಿಗೆ ಎರಡೇ ದಾರಿ. ಬೀಜದ ಹೋತವಾಗುವ ಭಾಗ್ಯ ಊರಿಗೊಂದಕ್ಕೋ ಎರಡಕ್ಕೋ. ಅದು ತನ್ನ ಗಡ್ಡದ ಮೇಲೆ ತಾನೇ ಉಚ್ಚೆ ಹೊಯ್ದುಕೊಂಡು, ಕೊಂಬಿನ ಬುಡದಿಂದ ನಾತ ಹೊಮ್ಮಿಸುತ್ತಾ ರಾಜನಾಗಿ ತಿರುಗುತ್ತದೆ. ಮಿಕ್ಕವಕ್ಕೆ ಪಶು ಡಾಕ್ಟರರ ಬರ್ಡಿಜೊ. ಚರ್ಮ ಕೊಯ್ಯದೆ ಒಳಗಿನ ನಾಳವನ್ನು ಮಾತ್ರ ಜಜ್ಜುವ ಇಕ್ಕಳ ಅದು. ಡಾಕ್ಟರು ಇಕ್ಕಳ ಹಿಡಿದು ಅಂಗಳಕ್ಕೆ ಬಂದರೆ ಮನೆಯ ಗಂಡಸರಿಗೆಲ್ಲ ಹೊಲದಲ್ಲಿ ತುರ್ತು ಕೆಲಸ ನೆನಪಾಗುತ್ತದೆ. ಮರಿ ಹಿಡಿದುಕೊಳ್ಳುವವಳು ಅವ್ವನೇ.

ಹೀಗೆ ಬೀಜ ಒಡೆಸಿಕೊಂಡವನು ‘ಹಲ್ಲು’. ಅವ್ವನ ಹಲ್ಲು ಪೂರಾ ಉದುರಿದ ವರ್ಷ ಹುಟ್ಟಿದ ಮರಿ. ಅವಳಿಗೆ ಕಟ್ಟಿಸುವ ಹಲ್ಲಿನ ಸೆಟ್ಟಿಗೆಂದು ಅಪ್ಪ ಗುರುತು ಹಾಕಿದ್ದ. ಅವ್ವ ಅವನಿಗೆ ಗುಟ್ಟಾಗಿ ಬೂಸಾ ತಿನ್ನಿಸತೊಡಗಿದಳು. ಬೂಸಾ, ಕಾಳು ಹೆಚ್ಚಾದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ, ಚಿಕ್ಕವಯಸ್ಸಿಗೇ ಬೀಜ ಒಡೆಸಿದ ಹೋತಕ್ಕೆ ಮೂತ್ರನಾಳ ಅಗಲವಾಗಿ ಬೆಳೆದಿರುವುದಿಲ್ಲ, ಕಲ್ಲು ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ, ಸೊಪ್ಪು ಹಾಕಿ, ನೀರು ಚೆನ್ನಾಗಿ ಕುಡಿಸಿ ಎಂದು ಡಾಕ್ಟರು ಗದರಿದರು. ಮಾರನೆಯ ದಿನದಿಂದ ಅಪ್ಪನ ಕಲ್ಲಿಗೆಂದು ತಂದಿದ್ದ ಬಾಳೆದಿಂಡಿನಲ್ಲಿ ಅರ್ಧ ಹಲ್ಲಿಗೆ ಹೋಗತೊಡಗಿತು. ‘ಹಲ್ಲು ಕಟ್ಟಿಸ್ಕೊಂಡು ನಾನೇನ್ ಮಾಡ್ಲಿ, ಮುದ್ದೆ ನುಂಗಕ್ಕೆ ಹಲ್ಲು ಬೇಕಾ? ಅದಕ್ಕೂ ಮೇಲೆ ಮುಂದಿನ ಹಲ್ಲಿಲ್ಲ, ನಂಗೂ ಇಲ್ಲ, ಇಬ್ರೂ ಉಣ್ತಾ ಇಲ್ವಾ’ ಎಂದು ಅವಳ ವಾದ. ಮೇಕೆಗೆ ಮೇಲ್ದವಡೆಯಲ್ಲಿ ಮುಂಬಲ್ಲು ಇರುವುದಿಲ್ಲವೆಂಬುದು ನಿಜವೇ; ಅಪ್ಪನಿಗೆ ಉತ್ತರ ಹೊಳೆಯಲಿಲ್ಲ.

ಬಕ್ರೀದ್ ಹತ್ತಿರವಾದಾಗ ವ್ಯಾಪಾರಿ ಮನೆಗೇ ಬಂದ. ಹಲ್ಲಿನ ಬಾಯಿ ಅಗಲಿಸಿ ಕೆಳದವಡೆ ನೋಡಿದ. ‘ಎರಡಲ್ಲು ಆಗೈತೆ ಯಜಮಾನ್ರೇ, ವರ್ಷ ತುಂಬೈತೆ, ಹಬ್ಬಕ್ಕೆ ಹೇಳಿ ಮಾಡಿಸ್ದಂಗೈತೆ’ ಎಂದ. ಟವೆಲ್ಲಿನ ಕೆಳಗೆ ಇಬ್ಬರ ಕೈಯೂ ಸೇರಿತು. ಬೆರಳು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು. ಸೆಟ್ಟು ಕಟ್ಟಿಸಿ ಮೇಲೊಂದು ಸೀರೆ ತರುವಷ್ಟು ರೇಟು ಕುದುರಿತೆಂದು ಅಪ್ಪನ ಹುಬ್ಬಿನಿಂದಲೇ ನನಗೆ ತಿಳಿಯಿತು.

ಅವ್ವ ಗೂಡಿನ ಬಾಗಿಲಿಗೆ ಅಡ್ಡ ನಿಂತಳು.

‘ಅದನ್ನ ಈಗ್ಲೇ ಕೊಡಕ್ಕಾಗಲ್ಲ ಕಣಪ್ಪ.’

‘ಯಾಕವ್ವಾ, ಏನಾಗೈತೆ ಅದ್ಕೆ?’

‘ಇನ್ನೂ ಹಾಲು ಬಿಟ್ಟಿಲ್ಲ.’

ವ್ಯಾಪಾರಿ ಹಲ್ಲಿನ ಗಡ್ಡ ನೋಡಿದ. ಹಲ್ಲು ಅವನ ಮೊಪೆಡ್ಡಿನ ಮೇಲೆ ಮುಂಗಾಲಿಟ್ಟು ಸೀಟಿನ ಕವರು ಮೇಯುತ್ತಿದ್ದ. ಅಪ್ಪ ಟವೆಲ್ಲಿನ ಕೆಳಗಿಂದ ಮೆಲ್ಲಗೆ ಕೈ ಎಳೆದುಕೊಂಡು, ಸೀಟಿಗೆ ಎಷ್ಟಾಗುತ್ತದೆಂದು ಕೇಳಿದ.