ಮೆಟ್ಟುಪಾಳ್ಯಂ ರಸ್ತೆಯ ಎಂಜಿನ್ ಮೇಸ್ತ್ರಿಗಳು

ಎಂಜಿನ್ ಕೆಲಸ ಮುಗಿಯಿತು ಎಂದು ಕೊಯಮತ್ತೂರು ಬಳಿಯ ಪೆರಿಯನಾಯಕನಪಾಳ್ಯಂನಲ್ಲಿ ಹೇಳಬೇಕಾದರೆ ಆ ಗಾಡಿ ಘಾಟಿ ಹತ್ತಿ ಇಳಿದಿರಬೇಕಿತ್ತು. ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂಡಿಸಿದ ಮೇಲೆ ಐನೂರು ಮೈಲಿ ಮೆಲ್ಲಗೆ ಓಡಿಸಬೇಕು. ಆಮೇಲೆ ಮೇಸ್ತ್ರಿ ಎಣ್ಣೆ ಬದಲಿಸಿ, ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಟ್ಯಾಪೆಟ್ ಸರಿಮಾಡಿ, ತಾನೇ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಸುಮಾರು 1,400 ಮೀಟರ್ ಏರಬೇಕು. ಕಲ್ಲಾರು ದಾಟಿ ಬರ್ಲಿಯಾರ್ ತಲುಪುವಷ್ಟರಲ್ಲಿ ಕೆಲಸದ ಹುಳುಕೆಲ್ಲ ಹೊರಗೆ ಬರುತ್ತಿತ್ತು. ನೀರು ಕುದಿಯುವುದು, ಗ್ಯಾಸ್ಕೆಟ್ ಒಸರುವುದು, ಎರಡನೇ ಗೇರಿನಲ್ಲಿ ಪಿಸ್ಟನ್ ಸದ್ದು ಮಾಡುವುದು, ಯಾವುದೂ ಆ ಏರಿನಲ್ಲಿ ಅಡಗಿ ಕೂರುತ್ತಿರಲಿಲ್ಲ.

ನಾನು ಚಾಮರಾಜನಗರದ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಯೊಂದರ ತಪಾಸಣೆ ವಿಭಾಗಕ್ಕೆ ಸೇರಿದವನು. ಮೈಕ್ರೋಮೀಟರ್ ಹಿಡಿದೇ ಬದುಕಿದೆ. ಈ ಊರಿನ ಗಾಳಿಯಲ್ಲೇ ಅಳತೆ ಇತ್ತು. 1930ರಲ್ಲಿ ಅವಿನಾಶಿಲಿಂಗಂ ಚೆಟ್ಟಿಯಾರ್ ಆರಂಭಿಸಿದ ರಾಮಕೃಷ್ಣ ವಿದ್ಯಾಲಯದಲ್ಲಿ ಹುಡುಗರು ಪಾಠದ ಜೊತೆ ಕೈಕೆಲಸವನ್ನೂ ಕಲಿಯುತ್ತಿದ್ದರು. 1962ರಲ್ಲಿ ಲಕ್ಷ್ಮೀ ಮೆಷಿನ್ ವರ್ಕ್ಸ್ ಹುಟ್ಟಿ ನೂಲುವ ಯಂತ್ರಗಳನ್ನು ಮಾಡತೊಡಗಿತು. 1975ರಲ್ಲಿ ಪ್ರೀಮಿಯರ್ ಇನ್‌ಸ್ಟ್ರುಮೆಂಟ್ಸ್, ಅಂದರೆ ಇಂದಿನ ಪ್ರಿಕಾಲ್, ವಾಹನಗಳ ಮೀಟರುಗಳನ್ನು ತಯಾರಿಸಲು ಶುರುಮಾಡಿತು. ಇಂಥ ಊರಿನಲ್ಲಿ ಲೇತಿನ ಮುಂದೆ ಕೈ ಪಳಗಿಸಿಕೊಂಡ ಕೆಲವರು ಪಾಳಿ ಕೆಲಸ ಬಿಟ್ಟು ರಸ್ತೆಬದಿಯಲ್ಲಿ ತಗಡಿನ ಮಾಡು ಹಾಕಿಕೊಂಡರು. ಎಂಜಿನ್ ಕಟ್ಟುವವರು ಅವರೇ.

ನನ್ನ ಹಳೆಯ ಅಂಬಾಸಿಡರಿನ ಎಂಜಿನ್ ಇಳಿಸಿದ್ದೂ ಅಂಥದೊಂದು ಮಾಡಿನಲ್ಲಿ. ಕೆಲಸವಾಗಿ ಗಾಡಿ ಮನೆಗೆ ಬಂದ ಕೆಲವೇ ದಿನಕ್ಕೆ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಕೆಳಗಿನಿಂದ ಟೊಕ್ ಟೊಕ್ ಎಂದು ಸದ್ದು. ಎಣ್ಣೆಯ ಒತ್ತಡದ ಮುಳ್ಳೂ ಇಳಿದಿತ್ತು. ಗಾಡಿಯನ್ನು ನಿಧಾನಕ್ಕೆ ಓಡಿಸಿಕೊಂಡು ಹೋದೆ. ಮೇಸ್ತ್ರಿ ವಾದಕ್ಕೆ ನಿಲ್ಲಲಿಲ್ಲ. ಉದ್ದನೆಯ ಸ್ಕ್ರೂಡ್ರೈವರನ್ನು ಬ್ಲಾಕಿಗೆ ಒತ್ತಿ, ಹಿಡಿಗೆ ಕಿವಿಕೊಟ್ಟು ಕೇಳಿದ. ಒಂದೊಂದೇ ಪ್ಲಗ್ಗಿನ ವೈರ್ ಕಿತ್ತು ನೋಡಿದ. ಎರಡನೆಯದನ್ನೂ ಮೂರನೆಯದನ್ನೂ ಕಿತ್ತಾಗ ಸದ್ದು ತಗ್ಗಿತು. ಅಲ್ಲೇ ಸಂಪ್ ಇಳಿಸಿ ನನ್ನನ್ನು ಗಾಡಿಯ ಕೆಳಗೆ ಕರೆದ.

ಕನೆಕ್ಟಿಂಗ್ ರಾಡಿನ ದೊಡ್ಡ ತೂತನ್ನು ಕೊರೆಯುವಾಗ ಅದರ ಕ್ಯಾಪನ್ನು ಜೊತೆಗೇ ಬಿಗಿದು ಕೊರೆದಿರುತ್ತಾರೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಕೂತಂತೆ ಕಂಡರೂ ಕೂರುವುದಿಲ್ಲ, ತೂತಿನ ದುಂಡು ಕೆಡುತ್ತದೆ. ಅದಕ್ಕೇ ಎರಡರ ಪಕ್ಕೆಗೂ ಒಂದೇ ನಂಬರ್ ಗುದ್ದಿರುತ್ತಾರೆ. ಮೇಸ್ತ್ರಿ ಬಟ್ಟೆಯಲ್ಲಿ ಎಣ್ಣೆ ಒರೆಸಿ ಟಾರ್ಚ್ ಬಿಟ್ಟ. ಎರಡನೇ ರಾಡಿನ ಕೆಳಗೆ 3 ಎಂದು ಬರೆದ ಕ್ಯಾಪ್, ಮೂರನೆಯದರ ಕೆಳಗೆ 2. ಬೇರಿಂಗ್ ಕಳಚಿ ಅಂಗೈ ಮೇಲೆ ಇಟ್ಟ. ಬೆಳ್ಳಿಬಣ್ಣದ ಲೋಹ ಸವೆದು ಒಳಗಿನ ತಾಮ್ರ ಇಣುಕುತ್ತಿತ್ತು. ಕ್ರ್ಯಾಂಕಿನ ಮೇಲೂ ಗೀರು ಬಿದ್ದಿತ್ತು.

ಕ್ಯಾಪ್ ಹಾಕಿದವನು ಹೊಸದಾಗಿ ಸೇರಿದ ಹುಡುಗ. ಮೇಸ್ತ್ರಿ ಅವನ ಹೆಸರನ್ನೇ ಎತ್ತಲಿಲ್ಲ. “ತಪ್ಪು ಈ ಮಾಡಿನದು, ಖರ್ಚೂ ಇದರದೇ” ಎಂದ. ಎಂಜಿನ್ ಮತ್ತೆ ಇಳಿಯಿತು, ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಯಿತು, ಕಡಿಮೆ ಅಳತೆಗೆ ಹೊಂದುವ ಹೊಸ ಬೇರಿಂಗ್ ಬಂದವು. ನನ್ನಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಎಂಜಿನ್ ಮುಚ್ಚುವ ಮುಂಚೆ ಅದೇ ಹುಡುಗನ ಕೈಗೆ ಮೈಕ್ರೋಮೀಟರ್ ಕೊಟ್ಟು, ಒಂದೊಂದು ಜರ್ನಲನ್ನೂ ಅಳೆಸಿ, ಅಂಕಿಗಳನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆಸಿದ. ಆ ಹುಡುಗ ಮುಂದೆ ಒಳ್ಳೆಯ ಮೇಸ್ತ್ರಿಯಾದ.

ಆ ಕಾಲದವರೆಲ್ಲ ಸತ್ಯವಂತರಾಗಿದ್ದರು ಎಂದು ನಾನು ಹೇಳುವುದಿಲ್ಲ. ನಕಲಿ ಬೇರಿಂಗ್ ಹಾಕಿದವರಿದ್ದರು, ಚೆನ್ನಾಗಿದ್ದ ಹಳೆಯ ಸಾಮಾನನ್ನು ಮಾರಿಕೊಂಡವರೂ ಇದ್ದರು. ಆದರೆ ಮಾಡಿಗೆ ಗೋಡೆಗಳಿರಲಿಲ್ಲ. ನೀಲಗಿರಿಯಿಂದ ಆಲೂಗಡ್ಡೆ, ಕ್ಯಾರೆಟ್ ತಂದು ಮೆಟ್ಟುಪಾಳ್ಯಂ ಮಂಡಿಯಲ್ಲಿ ಇಳಿಸಿದ ಬಡಗರು ತಮ್ಮ ಜೀಪು, ಲಾರಿಗಳನ್ನು ಇಲ್ಲಿಗೆ ತರುತ್ತಿದ್ದರು. ಅವರ ಬಡಗ ಮಾತು, ನನ್ನ ಕನ್ನಡ, ಎರಡೂ ಪರಸ್ಪರ ಅರ್ಥವಾಗುವಷ್ಟು ಹತ್ತಿರ. ಯಾರ ಎಂಜಿನ್ ಯಾಕೆ ಎರಡನೇ ಸಲ ಇಳಿಯಿತು ಎಂಬ ಸುದ್ದಿ ಅವರ ಜೊತೆ ಕೋಟಗಿರಿಯವರೆಗೂ ಹತ್ತುತ್ತಿತ್ತು. ಮಾಡಿದ ತಪ್ಪನ್ನು ಮುಚ್ಚಿಟ್ಟ ಮೇಸ್ತ್ರಿಗೆ ಆಮೇಲೆ ಬೆಟ್ಟದ ಗಿರಾಕಿ ಸಿಗುತ್ತಿರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರ್, 796 ಸಿಸಿ, ಅಲ್ಯೂಮಿನಿಯಂ ಹೆಡ್, ಚೈನಿನ ಬದಲು ಬೆಲ್ಟು. ಎರಕದ ಕಬ್ಬಿಣದ ಹೆಡ್ಡಿನ ಮೇಲೆ ಕೈ ಅಂದಾಜಿನಲ್ಲಿ ಬೋಲ್ಟ್ ಬಿಗಿದು ದಕ್ಕಿಸಿಕೊಂಡವರಿಗೆ ಅಲ್ಯೂಮಿನಿಯಂ ಹೆಡ್ ಆ ಸಲುಗೆ ಕೊಡಲಿಲ್ಲ. ಒಮ್ಮೆ ನೀರಿಲ್ಲದೆ ಕಾದರೆ ಸೊಟ್ಟಗಾಗುತ್ತಿತ್ತು. ಕೆಲವರು ಟಾರ್ಕ್ ವ್ರೆಂಚ್ ಕೊಂಡು ಹೊಸದಾಗಿ ಕಲಿತರು, ಹಲವರು ಕೈಬಿಟ್ಟರು. ಆಮೇಲೆ ಫ್ಯೂಯಲ್ ಇಂಜೆಕ್ಷನ್, ಸೆನ್ಸರ್, ಕಂಪ್ಯೂಟರ್ ಬಂದವು. ರಸ್ತೆ ಅಗಲವಾಗಿ ಮಾಡುಗಳು ಹೋದವು. ಈಗ ಅಲ್ಲಿ ಮೇಲ್ಸೇತುವೆ ಎದ್ದಿದೆ. 2014ರಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು.

ಇತ್ತೀಚೆಗೆ ನನ್ನ ಸಣ್ಣ ಕಾರಿನ ಹೆಡ್ ಗ್ಯಾಸ್ಕೆಟ್ ಬದಲಿಸಿದ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ನಾನು ಎಂಜಿನ್ ಕಂಡದ್ದು ಗಾಜಿನಾಚೆಯಿಂದ. ತಿಂಗಳಾಗುವಷ್ಟರಲ್ಲಿ ಮತ್ತೆ ನೀರು ಕಡಿಮೆಯಾಗತೊಡಗಿತು, ಸೈಲೆನ್ಸರಿನಿಂದ ಬಿಳಿ ಹೊಗೆ. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ಪರದೆ ತೋರಿಸಿ ಯಾವ ದೋಷವೂ ದಾಖಲಾಗಿಲ್ಲ ಎಂದರು. ಕೈಯಿಂದ ಕೆಲಸ ಮಾಡಿದವನ ಜೊತೆ ಮಾತಾಡಿಸಿ ಎಂದು ಕೇಳಿದರೆ ಆಗುವುದಿಲ್ಲವಂತೆ. ಕೊನೆಗೆ ಹೆಡ್ ಬಿಚ್ಚುವಾಗ ಹಳೆಯ ಪರಿಚಯದ ಬೋರಿಂಗ್ ಅಂಗಡಿಯವರನ್ನು ಕರೆದೊಯ್ದೆ. ಹೆಡ್ಡಿನ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದರು. ನಡುಮಧ್ಯದಲ್ಲಿ ಎಲೆ ಸರಾಗವಾಗಿ ಒಳಗೆ ಹೋಯಿತು. ಮೊದಲ ಸಲ ಹೆಡ್ಡಿನ ಮಟ್ಟ ನೋಡದೆಯೇ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದ್ದರು. ಅಂಕಿಯನ್ನು ಬರೆದುಕೊಟ್ಟ ಮೇಲೆ ಸರ್ವಿಸ್ ಸೆಂಟರಿನವರು ಮಾತು ಬದಲಿಸಿ, ಕೂಲಿ ಇಲ್ಲದೆ ಕೆಲಸ ಮಾಡಿಕೊಟ್ಟರು. ತಪ್ಪಾಯಿತು ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ನನಗೆ ದುಡ್ಡಿಗಿಂತ ಅದೇ ಹೆಚ್ಚು ನೋವು ಕೊಟ್ಟಿತು. ತನ್ನ ತಪ್ಪನ್ನು ಕಣ್ಣಾರೆ ನೋಡುವ ಅವಕಾಶವೇ ಇಲ್ಲದ ಆ ಕೆಲಸದ ಹುಡುಗ ಕಲಿಯುವುದು ಹೇಗೆ?

ಎಂಜಿನ್ ಕೆಲಸ ಮಾಡಿಸುವವರಲ್ಲಿ ನನ್ನದೊಂದು ವಿನಂತಿ. ಮುಚ್ಚುವ ಮುನ್ನ ಒಮ್ಮೆ ನೋಡುತ್ತೇನೆಂದು ಮೊದಲೇ ಹೇಳಿ. ಬೋರ್, ಜರ್ನಲ್, ಹೆಡ್ಡಿನ ಮಟ್ಟ ಇವುಗಳ ಅಳತೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಹಳೆಯ ಸಾಮಾನು ಕೇಳಿ ಪಡೆಯಿರಿ. ಸದ್ದು ಬಂದರೆ ಗಾಡಿ ನಿಲ್ಲಿಸಿ, ಬೇರೆಯವರಿಂದ ಬಿಚ್ಚಿಸುವ ಮೊದಲು ಕೆಲಸ ಮಾಡಿದವರಿಗೆ ಲಿಖಿತವಾಗಿ ತಿಳಿಸಿ. ಆಗಲೂ ಒಪ್ಪದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು. ನೀವು ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ.