ನೋಡುವುದಕ್ಕೂ ಹಿಡಿಯುವುದಕ್ಕೂ ನಡುವೆ

ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದವರಿಗೆ ರೇಸ್ ಕಂಡಿಷನ್ ಏನೆಂದು ಬಿಡಿಸಿ ಹೇಳಬೇಕಿಲ್ಲ. ಸೀಟು ಖಾಲಿಯೆಂದು ಕಾಣುವುದು ಒಂದು ಗಳಿಗೆ, ಟವೆಲ್ ಬೀಳುವುದು ಇನ್ನೊಂದು ಗಳಿಗೆ. ಅಷ್ಟರಲ್ಲಿ ಆಚೆ ಕಿಟಕಿಯಿಂದಲೂ ಒಂದು ಟವೆಲ್ ಬಂದಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ನೋಡಿದಾಗ ಸೀಟು ಖಾಲಿಯೇ ಇತ್ತು.

ಆ ಸಂದಿಯನ್ನು ಹುಡುಕಿ ಮುಚ್ಚುವುದು ನನ್ನ ಹವ್ಯಾಸ. ಕೆಲವರು ಊಟವಾದ ಮೇಲೆ ಪದಬಂಧ ಬಿಡಿಸುತ್ತಾರೆ. ನಾನು ಎಂಐಟಿಯವರು ಪಾಠಕ್ಕೆಂದು ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿನ ಕೋಡ್ ಬಿಚ್ಚಿಕೊಂಡು ಕೂರುತ್ತೇನೆ. ಅದರಲ್ಲಿ ಡಿಸ್ಕಿನ ಯಾವ ಬ್ಲಾಕ್ ಖಾಲಿ, ಯಾವುದು ಭರ್ತಿ ಎಂಬ ಲೆಕ್ಕ ಬಿಟ್‌ಮ್ಯಾಪಿನಲ್ಲಿರುತ್ತದೆ: ಸೊನ್ನೆಯೆಂದರೆ ಖಾಲಿ, ಒಂದೆಂದರೆ ಭರ್ತಿ. ಒಮ್ಮೆಗೆ ಒಬ್ಬರನ್ನೇ ಒಳಬಿಡುವ ಲಾಕ್ ಹಿಡಿದೇ ಅದನ್ನು ಓದಬೇಕು. ಸೊನ್ನೆಯನ್ನು ಒಂದು ಮಾಡಿದ ಮೇಲೆಯೇ ಲಾಕ್ ಬಿಡಬೇಕು.

ಒಂದು ರಾತ್ರಿ ಕಿಡಿಗೇಡಿತನಕ್ಕೆ, ಸೊನ್ನೆ ಸಿಕ್ಕ ಕೂಡಲೇ ಲಾಕ್ ಬಿಟ್ಟು, ಮತ್ತೆ ಹಿಡಿದು ಒಂದು ಬರೆಯುವಂತೆ ಬದಲಿಸಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಫೈಲ್ ತೆರೆದರೆ ಅದರ ಹೊಟ್ಟೆಯಲ್ಲಿ ಪಕ್ಕದ ಫೈಲಿನ ಅಕ್ಷರಗಳು! ಪತ್ತೆ ಮಾಡೋಣವೆಂದು ನಡುವೆ ಪ್ರಿಂಟ್ ಸಾಲೊಂದನ್ನು ಸೇರಿಸಿದರೆ, ಓಟದ ಗತಿ ಬದಲಾಗಿ ತಪ್ಪೇ ಮಾಯ. ಮೆಕ್ಯಾನಿಕ್ ಎದುರು ಸದ್ದಡಗಿಸುವ ಸ್ಕೂಟರಿನ ಹಾಗೆ. ಕೊನೆಗೆ ಎರಡೂ ಫೈಲುಗಳನ್ನು ಅಳಿಸಹೋದೆ. ಮೊದಲನೆಯದು ಸದ್ದಿಲ್ಲದೆ ಹೋಯಿತು. ಎರಡನೆಯದಕ್ಕೆ ‘ಪ್ಯಾನಿಕ್: ಫ್ರೀಯಿಂಗ್ ಫ್ರೀ ಬ್ಲಾಕ್’, ಅಂದರೆ ಖಾಲಿಯಿರುವ ಬ್ಲಾಕನ್ನೇ ಮತ್ತೆ ಖಾಲಿ ಮಾಡುತ್ತಿದ್ದೀಯ, ಎಂದು ಸಿಸ್ಟಮ್ ಕೈಚೆಲ್ಲಿತು. ಒಂದೇ ಸೀಟಿಗೆ ಬಿದ್ದ ಎರಡು ಟವೆಲ್ ಆಗ ಬಯಲಾದವು.

ಹಾಗೆಂದು ಸಿಕ್ಕಸಿಕ್ಕಲ್ಲಿ ಬೀಗ ಜಡಿಯುವಂತಿಲ್ಲ. 1996ರ ಲಿನಕ್ಸ್ 2.0ರಲ್ಲಿ ಸಿಸ್ಟಮ್ಮಿನ ತಿರುಳಾದ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಲಾಕ್. ಒಮ್ಮೆಗೆ ಒಂದೇ ಪ್ರೊಸೆಸರ್‌ಗೆ ಒಳಗೆ ಪ್ರವೇಶ. ಅದನ್ನು ಬಿಡಿಬಿಡಿಯಾಗಿ ಒಡೆದು ಕಿತ್ತುಹಾಕುವಷ್ಟರಲ್ಲಿ 2011 ಬಂತು. ಸಣ್ಣ ಲಾಕುಗಳಿಗೆ ಬೇರೆಯದೇ ಪೇಚು. ಬಾವಿಕಟ್ಟೆಯಲ್ಲಿ ಒಬ್ಬಳ ಕೈಯಲ್ಲಿ ಹಗ್ಗ, ಇನ್ನೊಬ್ಬಳ ಕೈಯಲ್ಲಿ ಕೊಡ. ‘ನಿನ್ನದು ಕೊಡು’ ಎಂದು ಇಬ್ಬರೂ ಕಾಯುತ್ತ ನಿಂತರೆ ನೀರು ಯಾರಿಗೂ ಇಲ್ಲ. ಅದಕ್ಕೇ ಫೈಲನ್ನು ಡೈರೆಕ್ಟರಿಯಿಂದ ಡೈರೆಕ್ಟರಿಗೆ ಸಾಗಿಸುವಾಗ ಲಿನಕ್ಸ್ ಹಿರಿತನ ನೋಡುತ್ತದೆ: ಒಂದರೊಳಗೊಂದು ಇದ್ದರೆ ಹೊರಗಿನದರ ಲಾಕ್ ಮೊದಲು, ಒಳಗಿನದು ಆಮೇಲೆ.

“ರಾತ್ರಿಯೆಲ್ಲ ಎದ್ದು ಏನು ಮಾಡಿದಿರಿ?” ಆ ಕಿಡಿಗೇಡಿತನದ ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತ ಹೆಂಡತಿ ಕೇಳಿದಳು.

“ಲಾಕ್ ಬಿಡುವ ಒಂದು ಸಾಲು ಮೇಲಿತ್ತು, ಕೆಳಗೆ ತಂದೆ.”

“ಅದರಿಂದ ಏನಾಗುತ್ತೆ?”

“ಏನೂ ಆಗಲ್ಲ,” ಎಂದೆ, ಹೆಮ್ಮೆಯಿಂದ.